ಡ್ರೈವರ್ ಎಲ್ಲಿ ಮಲಗಬೇಕು?

ಕೆಲವು ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬಂದು ಹೋಗುವ ಒಂದು ಕಪ್ಪು-ಬಿಳುಪು ಫೋಟೊ ಇದೆ. ಲಂಡನ್ನಿನ ವಿಕ್ಟೋರಿಯಾ ಕೋಚ್ ಸ್ಟೇಷನ್ನಿನಲ್ಲಿ ಒಂದು ಬಸ್ಸು, ಅದನ್ನು ಹತ್ತಲು ನಿಂತ ಜನ. ಬಸ್ಸು ಹೋಗಬೇಕಾದ ಊರು ಕಲ್ಕತ್ತಾ. ಫೋಟೊದ ಕೆಳಗಿನ ಬರಹದಲ್ಲಿ ಬಸ್ಸಿನೊಳಗೆ ಮಲಗಲು ಬಂಕುಗಳಿದ್ದವು, ಅಡುಗೆಮನೆಯಿತ್ತು, ಕೂತು ಓದಲು ಜಾಗವಿತ್ತು, ಹಾಡು ಕೇಳಬಹುದಿತ್ತು, ಚಳಿಗೆ ಹೀಟರ್ ಇತ್ತು ಎಂದು ಇರುತ್ತದೆ. ದರ 145 ಪೌಂಡು. ಓದಿದವರು ಬೆರಗಾಗಿ ಇನ್ನೊಂದು ಗುಂಪಿಗೆ ಕಳಿಸುತ್ತಾರೆ.

ಫೋಟೊವೂ ನಿಜ, ಬರಹದ ವಿವರಗಳೂ ಬಹುಮಟ್ಟಿಗೆ ನಿಜ. ಆದರೆ ಅವೆರಡೂ ಒಂದೇ ಬಸ್ಸಿನವಲ್ಲ. ಫೋಟೊದಲ್ಲಿರುವುದು ‘ಇಂಡಿಯಾಮನ್’. ಆಸ್ವಾಲ್ಡ್-ಜೋಸೆಫ್ ಗ್ಯಾರೋ-ಫಿಶರ್ ಎಂಬಾತ ತಾನೇ ಓಡಿಸಿಕೊಂಡು ಹೋದ ಬಸ್ಸು ಅದು. 1957ರ ಏಪ್ರಿಲ್ 15ರಂದು 20 ಜನರೊಂದಿಗೆ ಲಂಡನ್ ಬಿಟ್ಟು ಜೂನ್ 5ರಂದು ಕಲ್ಕತ್ತಾ ಸೇರಿತು. ಹೋಗುವುದಕ್ಕೆ 85 ಪೌಂಡು, ಅದೇ ಬಸ್ಸಿನಲ್ಲಿ ವಾಪಸಾಗುವವರಿಗೆ ಮತ್ತೆ 65. ಅದರಲ್ಲಿ ಬಂಕೂ ಇರಲಿಲ್ಲ, ಅಡುಗೆಮನೆಯೂ ಇರಲಿಲ್ಲ. ಹಗಲೆಲ್ಲ ಸೀಟಿನಲ್ಲಿ ಕೂತು, ರಾತ್ರಿ ಹೋಟೆಲಿನಲ್ಲೋ ಡೇರೆಯಲ್ಲೋ ಮಲಗಿಕೊಂಡು ಜನ ಪ್ರಯಾಣ ಮಾಡಿದರು.

ಬಂಕು, ಅಡುಗೆಮನೆ, 145 ಪೌಂಡು ಎಲ್ಲವೂ ‘ಆಲ್ಬರ್ಟ್’ ಎಂಬ ಇನ್ನೊಂದು ಬಸ್ಸಿನವು. ಅದು ಸಿಡ್ನಿಯ ಬೀದಿಗಳಲ್ಲಿ ಜನರನ್ನು ಹೊತ್ತು ಹಳತಾಗಿದ್ದ ಆಲ್ಬಿಯನ್ ಕಂಪನಿಯ ಡಬಲ್ ಡೆಕ್ಕರ್. 1968ರಲ್ಲಿ ಆ್ಯಂಡಿ ಸ್ಟೀವರ್ಟ್ ಎಂಬ ಬ್ರಿಟಿಷ್ ಪ್ರವಾಸಿ ಊರಿಗೆ ಮರಳಲು ಅದನ್ನು ಕೊಂಡ. ಸೀಟುಗಳನ್ನು ಕಿತ್ತು, ಒಳಗೆ ಮನೆ ಕಟ್ಟಿಕೊಂಡು, ಹನ್ನೆರಡು-ಹದಿಮೂರು ಜನರನ್ನು ಹತ್ತಿಸಿಕೊಂಡು ಅಕ್ಟೋಬರಿನಲ್ಲಿ ಹೊರಟವನು ಭಾರತದ ಮೂಲಕ ಲಂಡನ್ ಸೇರಿದ್ದು ಮರುವರ್ಷದ ಫೆಬ್ರವರಿಯಲ್ಲಿ. ಆಮೇಲೆ ಆಲ್ಬರ್ಟ್ 1970ರ ದಶಕದ ನಡುವಿನವರೆಗೂ ಲಂಡನ್-ಕಲ್ಕತ್ತಾ ನಡುವೆ ಹತ್ತಾರು ಸಲ ಓಡಾಡಿತು. ಒಂದು ಬದಿಗೆ ಸುಮಾರು 50 ದಿನದ ದಾರಿ. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ, ದಿಲ್ಲಿ, ಆಗ್ರಾ, ಬನಾರಸ್ ಹಾದು ಹೂಗ್ಲಿ ದಂಡೆಗೆ.

ಈ ಎರಡು ಬಸ್ಸುಗಳನ್ನು ಕಲಸಿಬಿಟ್ಟರೆ ಆಲ್ಬರ್ಟಿನ ಕತೆಯ ಮುಖ್ಯ ಸಂಗತಿಯೇ ಕೈತಪ್ಪುತ್ತದೆ. ಇಂಡಿಯಾಮನ್ನಿನಲ್ಲಿ ಸೀಟುಗಳು ಉಳಿದವು, ಆಲ್ಬರ್ಟಿನಲ್ಲಿ ಹೋದವು. ಸೀಟು ಹೋದ ಜಾಗದಲ್ಲಿ ಏನು ಬಂತು, ಯಾರಿಗಾಗಿ ಬಂತು ಎಂಬುದು ಇವತ್ತು ಕೋಲ್ಕತ್ತದಲ್ಲೋ ಬೆಂಗಳೂರಿನಲ್ಲೋ ಒಂದು ಟಿಟಿ ಕೊಂಡು ಕ್ಯಾಂಪರ್ ಮಾಡಿಕೊಳ್ಳಬೇಕು ಎಂದು ಕನಸು ಕಾಣುವವರೂ ಎದುರಿಸಬೇಕಾದ ಪ್ರಶ್ನೆ.

*

‘ಬಸ್’ ಎಂಬುದು ‘ಆಮ್ನಿಬಸ್’ನ ಬಾಲ. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಎಲ್ಲರಿಗಾಗಿ’. ‘ವ್ಯಾನ್’ ಎಂಬುದು ‘ಕ್ಯಾರವಾನ್’ನ ಬಾಲ. ಅದು ಪಾರಸಿಯ ‘ಕಾರ್ವಾನ್’. ಮರುಭೂಮಿಯಲ್ಲಿ ಒಟ್ಟಾಗಿ ಸಾಗುವ ವರ್ತಕರ ಸಾಲು. ಆ ಸಾಲು ರಾತ್ರಿ ತಂಗುವ ಜಾಗವೇ ಸರಾಯಿ. ಕಲ್ಕತ್ತೆಗೆ ಬರುವ ಗ್ರ್ಯಾಂಡ್ ಟ್ರಂಕ್ ರಸ್ತೆಯ ಮೇಲಿನ ಮೊಘಲ್‌ಸರಾಯ್ ತನ್ನ ಹಳೆಯ ಹೆಸರಿನಲ್ಲಿ ಈ ನೆನಪನ್ನು ಇಟ್ಟುಕೊಂಡಿತ್ತು. ಹಾಗೆ ನೋಡಿದರೆ ವ್ಯಾನನ್ನು ಕ್ಯಾಂಪರ್ ಮಾಡುವವರು ಆ ಪದಕ್ಕೆ ಅದರ ಕಳೆದುಹೋದ ಮೊದಲರ್ಧವನ್ನು ಮರಳಿ ಕೊಡುತ್ತಿದ್ದಾರೆ. ದಾರಿಯಲ್ಲಿ ಸರಾಯಿ ಹುಡುಕುವ ಬದಲು ಸರಾಯಿಯನ್ನೇ ಹೊತ್ತುಕೊಂಡು ಹೋಗುತ್ತಿದ್ದಾರೆ.

ಕನ್ನಡದಲ್ಲಿ ಇದಕ್ಕೆ ‘ಬಿಡಾರ’ ಎಂಬ ಮಾತಿದೆ. ಬೀಡು, ಬಿಡಾರ ಎರಡೂ ‘ಬಿಡು’ವಿನ ಬಳಗದವು. ಗಾಡಿ ಬಿಟ್ಟು, ಎತ್ತು ಬಿಟ್ಟು, ಮೈಯ ಭಾರ ಬಿಟ್ಟು ಇಳಿದುಕೊಳ್ಳುವ ಜಾಗ. ಶಾಸನಗಳಲ್ಲಿ ರಾಜರು ‘ನೆಲೆವೀಡಿ’ನಿಂದ ಆಳುತ್ತಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವವರಿಗೆ ‘ಕ್ಯಾಂಪರ್’ ಎಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಗಾಡಿಯಲ್ಲಿ ರೊಟ್ಟಿಗಂಟು, ಪಾತ್ರೆ, ಕೌದಿ, ಎತ್ತಿಗೆ ಮೇವು. ಗಾಡಿ ಬಿಟ್ಟಲ್ಲಿ ಮೂರು ಕಲ್ಲಿನ ಒಲೆ, ಗಾಡಿಯ ಕೆಳಗೆ ನೆರಳು, ಮೇಲೆ ಮಕ್ಕಳ ಹಾಸಿಗೆ. ಗಾಡಿ ಹೊಡೆಯುವವನೂ ಮನೆಯವನೇ, ಅವನ ಕೌದಿಯೂ ಅದೇ ಗಂಟಿನಲ್ಲಿ. ಈ ಕೊನೆಯ ಮಾತು ಮುಂದೆ ಬೇಕಾಗುತ್ತದೆ.

ಭಾರತದಲ್ಲಿ ದೊಡ್ಡ ಪ್ಯಾಸೆಂಜರ್ ವ್ಯಾನ್ ಎಂದರೆ ಹೆಚ್ಚಾಗಿ ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ಬಜಾಜ್ ಟೆಂಪೊ ಕಂಪನಿ ಇದನ್ನು 1987ರಲ್ಲಿ ಮರ್ಸಿಡಿಸ್‌ನ ಒಂದು ವ್ಯಾನಿನ ಮಾದರಿಯ ಮೇಲೆ ತಂದಿತು. ಕಂಪನಿಯ ಹೆಸರು ಫೋರ್ಸ್ ಮೋಟರ್ಸ್ ಎಂದಾಗಿ ಎಷ್ಟೋ ಕಾಲವಾಗಿದೆ. ಆದರೂ ಮದುವೆ ದಿಬ್ಬಣಕ್ಕೆ, ಧರ್ಮಸ್ಥಳ-ಸುಬ್ರಹ್ಮಣ್ಯ ಟ್ರಿಪ್ಪಿಗೆ ಗಾಡಿ ಗೊತ್ತು ಮಾಡುವವರು ಕೇಳುವುದು ‘ಟಿಟಿ ಸಿಗತ್ತಾ’ ಎಂದೇ. ಕೋಲ್ಕತ್ತದಿಂದ ದೀಘಾ, ಶಾಂತಿನಿಕೇತನ, ಡುವಾರ್ಸ್ ಕಡೆ ಹೋಗುವ ಕುಟುಂಬಗಳೂ ಇದೇ ಗಾಡಿಯನ್ನು ಬಾಡಿಗೆಗೆ ಹಿಡಿಯುತ್ತವೆ. ಸೀಟು ತೆಗೆದರೆ ಒಳಗೆ ಒಂದು ಸಣ್ಣ ಕೋಣೆಯಷ್ಟು ಜಾಗ ಸಿಗುತ್ತದೆ, ಎತ್ತರದ ಛಾವಣಿಯ ಮಾದರಿಯಾದರೆ ಬಹಳಷ್ಟು ಜನ ತಲೆ ಬಗ್ಗಿಸದೆ ನಿಲ್ಲಬಹುದು. ಕನಸು ಹುಟ್ಟಲು ಅಷ್ಟು ಸಾಕು.

*

ಕನಸನ್ನು ಮೊದಲು ಪರೀಕ್ಷೆಗೆ ಒಡ್ಡುವುದು ಕೋಲ್ಕತ್ತದ ಹವೆ. ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ತಗಡಿನ ವ್ಯಾನು ಒಲೆಯ ಮೇಲಿಟ್ಟ ಹೆಂಚಿನಂತಾಗುತ್ತದೆ. ಸೆಖೆಗಿಂತ ಕಷ್ಟದ್ದು ತೇವ. ರಾತ್ರಿ ಇಬ್ಬರು ಕಿಟಕಿ ಮುಚ್ಚಿ ಮಲಗಿದರೆ ಅವರ ಉಸಿರಿನ ನೀರೇ ತಣ್ಣಗಾದ ತಗಡಿನ ಮೇಲೆ ಹನಿಗಟ್ಟಿ, ಪ್ಲೈವುಡ್ಡಿನ ಹಿಂದೆ ಇಳಿದು ಬೂಷ್ಟು ಹಿಡಿಸುತ್ತದೆ. ಸೆಣಬಿನ ಊರಿನಲ್ಲಿ ಗೋಡೆಯೊಳಗೆ ಸೆಣಬು ತುಂಬಿದರೆ ಅಗ್ಗವೂ ಆಯಿತು, ಸ್ಥಳೀಯವೂ ಆಯಿತು ಎನ್ನಿಸುವುದು ಸಹಜ. ಆದರೆ ಸೆಣಬು ನೀರು ಹೀರುತ್ತದೆ. ಈ ಹವೆಯಲ್ಲಿ ಅದನ್ನು ತಗಡು ಮತ್ತು ಹಲಗೆಯ ನಡುವೆ ಮುಚ್ಚಿಟ್ಟರೆ ಎರಡು ಮಳೆಗಾಲದೊಳಗೆ ತಗಡು ತುಕ್ಕು ಹಿಡಿಯುತ್ತದೆ. ನೀರು ಹೀರದ, ತಗಡಿಗೆ ಅಂಟಿ ಕೂರುವ ಫೋಮ್ ಶೀಟುಗಳೇ ಇಲ್ಲಿಗೆ ವಾಸಿ.

ಹಲಗೆಯ ವಿಷಯದಲ್ಲಿ ಕೋಲ್ಕತ್ತ ಅದೃಷ್ಟದ ಊರು. ದೇಶದ ದೊಡ್ಡ ಪ್ಲೈವುಡ್ ಕಂಪನಿಗಳಲ್ಲಿ ಕೆಲವು ಇಲ್ಲಿಯವೇ. ಐಎಸ್ 303 ಎಂದು ಬರೆದದ್ದು ಸಾಮಾನ್ಯ ಪ್ಲೈವುಡ್, ಐಎಸ್ 710 ಎಂದಿದ್ದರೆ ನೀರು ತಡೆಯುವ ಮರೀನ್ ಪ್ಲೈವುಡ್. ಬೆಲೆಯ ವ್ಯತ್ಯಾಸ ನೋಡಿ ಮೊದಲನೆಯದನ್ನು ತಂದವರು ಸಿಂಕಿನ ಕೆಳಗಿನ ಹಲಗೆ ಪದರ ಬಿಡುವಾಗ ಆ ಅಂಕಿಯ ಅರ್ಥ ಕಲಿಯುತ್ತಾರೆ.

ಎರಡನೆಯ ಪಾಠ ವಿದ್ಯುತ್ತಿನದು. ಎಸಿ ಬೇಕು ಎಂಬಲ್ಲಿಂದ ಎಲ್ಲರ ಪಟ್ಟಿಯೂ ಶುರುವಾಗುತ್ತದೆ. ಮನೆಯ ಒಂದು ಟನ್ ಎಸಿ ಓಡುವಾಗ ಸಾವಿರ ವ್ಯಾಟಿನ ಆಸುಪಾಸು ಎಳೆಯುತ್ತದೆ. 100 ಆಂಪಿಯರ್-ಅವರಿನ ಒಂದು ಲಿಥಿಯಂ ಬ್ಯಾಟರಿಯಲ್ಲಿರುವುದು ಸುಮಾರು 1280 ವ್ಯಾಟ್-ಅವರ್. ಅಂದರೆ ಒಂದು ಗಂಟೆಯ ಸುಖಕ್ಕೆ ಬ್ಯಾಟರಿ ಖಾಲಿ. ಲಾರಿಗೆ ಹಾಕುವ ಹಳೆಯ ಸೀಸದ ಬ್ಯಾಟರಿಯಾದರೆ ಅರ್ಧದ ಕೆಳಗೆ ಇಳಿಸುವಂತೆಯೇ ಇಲ್ಲ, ಇಳಿಸಿದರೆ ಅದರ ಆಯಸ್ಸು ಕರಗುತ್ತದೆ. ಆದರೆ ಅದೇ 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿಯಲ್ಲಿ 25 ವ್ಯಾಟಿನ ಫ್ಯಾನು ಎಂಟು ಗಂಟೆ ಓಡಿದರೂ 200 ವ್ಯಾಟ್-ಅವರ್ ಮಾತ್ರ ಖರ್ಚು. ದೀಪ, ಫೋನು, ಒಂದು ಚಿಕ್ಕ ಫ್ರಿಜ್ಜು ಸೇರಿದರೂ ಒಂದು ದಿನ ಕಳೆಯುತ್ತದೆ. ಅದಕ್ಕೇ ಅನುಭವಸ್ಥರು ಛಾವಣಿಯಲ್ಲಿ ಗಾಳಿ ಹೊರಗೆಳೆಯುವ ಫ್ಯಾನಿಗೆ ತೂತು ಕೊರೆಯುವುದನ್ನೇ ಮೊದಲ ಕೆಲಸ ಮಾಡಿಕೊಳ್ಳುತ್ತಾರೆ. ಕೆಳಗಿನ ಕಿಟಕಿಯಿಂದ ತಂಪು ಒಳಗೆ, ಮೇಲಿನಿಂದ ಬಿಸಿ ಹೊರಗೆ. ತೊಟ್ಟಿಮನೆ ಕಟ್ಟಿದವರಿಗೆ ಗೊತ್ತಿದ್ದ ಲೆಕ್ಕವೇ ಇದು.

ನೀರು ಲೀಟರಿಗೆ ಒಂದು ಕೆಜಿ. ನಾಲ್ಕು ಜನಕ್ಕೆ ದಿನಕ್ಕೆ ತಲಾ 10 ಲೀಟರಿನಂತೆ ಎರಡು ದಿನಕ್ಕೆ 80 ಕೆಜಿ. ಮೂಲೆಯಲ್ಲಿಟ್ಟರೆ ಗಾಡಿ ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ನೆಲಕ್ಕೆ ಹತ್ತಿರ, ಚಕ್ರಗಳ ಅಚ್ಚುಗಳ ನಡುವೆ ಇಡಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲೇರಿ ಹೋಗುವುದಿಲ್ಲ, ನೆಲದಲ್ಲಿ, ಹಾಸಿಗೆಯ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರ್ ಇಟ್ಟ ಪೆಟ್ಟಿಗೆಯ ತಳದಲ್ಲಿ ರಸ್ತೆಗೆ ತೆರೆಯುವ ತೂತು ಇರಲೇಬೇಕು. ಇನ್ನು ಏಪ್ರಿಲ್-ಮೇ ಸಂಜೆಗಳಲ್ಲಿ ಬಂಗಾಳದ ಮೇಲೆ ಎರಗುವ ಕಾಲಬೈಶಾಖಿ ಗಾಳಿಗೆ ವ್ಯಾನಿನ ಬದಿಗೆ ಕಟ್ಟಿದ ಚಪ್ಪರ ಹತ್ತು ನಿಮಿಷದಲ್ಲಿ ಹರಿದು ಹೋಗಬಹುದು. ಮೋಡ ಕಪ್ಪಗಾದಾಗ ಚಹಾ ಬಿಟ್ಟು ಎದ್ದು ಚಪ್ಪರ ಮಡಚುವವರು ಯಾರು ಎಂಬುದನ್ನು ಹೊರಡುವ ಮುಂಚೆಯೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಕೆಲಸಕ್ಕೆ ಬೇಕಾದ ಕೈಗಳಿಗೆ ಕೋಲ್ಕತ್ತದಲ್ಲಿ ಬರವಿರಲಿಲ್ಲ. ಇಲ್ಲಿಯ ಖಾಸಗಿ ಬಸ್ಸುಗಳ ಒಡಲು ಬಹುಕಾಲ ಮರದ್ದೇ. ಮಾಲೀಕರು ಬರೀ ಎಂಜಿನ್ ಮತ್ತು ಚಾಸಿ ತಂದರೆ ಸ್ಥಳೀಯ ಬಡಗಿಗಳು, ತಗಡಿನವರು, ಬಣ್ಣದವರು ಸೇರಿ ಅದರ ಮೇಲೆ ಬಸ್ಸು ಕಟ್ಟುತ್ತಿದ್ದರು. ಮರದ ಚೌಕಟ್ಟು, ಮರದ ಕಿಟಕಿ, ಗೋಡೆಗುಂಟ ಉದ್ದದ ಸೀಟು. ನಿಲ್ಲಿಸಲು, ಹೊರಡಲು ಕಂಡಕ್ಟರ್ ಬಸ್ಸಿನ ಮೈ ಬಡಿಯುವ ಸದ್ದು ಅಲ್ಲಿಯ ಬೀದಿಯ ಭಾಷೆ. ಮಲ್ಲಿಕ್ ಬಜಾರಿನಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಹುಡುಕುವವರ ಸಂತೆ ಇಂದಿಗೂ ನೆರೆಯುತ್ತದೆ. ಒಂದು ವಾಹನದ ಒಡಲನ್ನು ಮತ್ತೊಂದಾಗಿ ಬದಲಿಸುವುದು ಈ ಊರಿಗೆ ಹೊಸ ವಿದ್ಯೆಯಲ್ಲ. 2020ರಲ್ಲಿ ಶ್ಯಾಮಬಜಾರ್-ಎಸ್‌ಪ್ಲನೇಡ್ ಮಾರ್ಗದ ಒಂದು ಟ್ರಾಮಿನಲ್ಲಿ ಪುಸ್ತಕದ ಕಪಾಟು ಇಟ್ಟು ಅದನ್ನು ಓಡುವ ಗ್ರಂಥಾಲಯ ಮಾಡಿದರು. ಅದೇ ವರ್ಷ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಕೆಎಸ್‌ಆರ್‌ಟಿಸಿಯ ಹಳೆಯ ಬಸ್ಸೊಂದು ಮಹಿಳೆಯರ ಶೌಚಾಲಯವಾಯಿತು.

ಕೈ ಇದ್ದರೂ ಕಾಗದ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಮೋಟಾರು ಕ್ಯಾರವಾನಿಗೆಂದೇ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಆರ್‌ಸಿಯಲ್ಲಿ 17 ಸೀಟು ಎಂದಿದ್ದು ಒಳಗೆ ನಾಲ್ಕು ಸೀಟು, ಎರಡು ಹಾಸಿಗೆ ಇದ್ದರೆ ತಪಾಸಣೆಯಲ್ಲಷ್ಟೇ ಅಲ್ಲ, ಅಪಘಾತವಾದ ದಿನ ವಿಮೆಯವರ ಮುಂದೆಯೂ ಉತ್ತರಿಸಬೇಕಾಗುತ್ತದೆ. 2008ರ ಕಲ್ಕತ್ತಾ ಹೈಕೋರ್ಟ್ ಆದೇಶದ ನಂತರ ಮಹಾನಗರದಲ್ಲಿ 15 ವರ್ಷ ದಾಟಿದ ವಾಣಿಜ್ಯ ವಾಹನಗಳು ರಸ್ತೆ ಬಿಡಬೇಕಾಯಿತು. ಅಗ್ಗಕ್ಕೆ ಸಿಗುವ ಹಳೆಯ ಹಳದಿ ಬೋರ್ಡಿನ ಗಾಡಿಯ ಆಸೆಗೆ ಬೀಳುವವರು ಎಂಜಿನ್ನಿನ ಸದ್ದು ಕೇಳುವ ಮೊದಲು ಅದರ ಕಾಗದ ಓದಬೇಕು. ಆಲ್ಬರ್ಟಿನ ಕಾಲದ ಸಡಿಲು ಈಗಿಲ್ಲ. ಸಡಿಲು ಇರಬೇಕಿತ್ತು ಎನ್ನುವುದೂ ಕಷ್ಟ. ಮನೆಯ ಕುರ್ಚಿಯನ್ನು ತಂದು ವ್ಯಾನಿನ ನೆಲಕ್ಕೆ ಮೊಳೆ ಹೊಡೆದರೆ ಅದು ಬ್ರೇಕು ಹಾಕಿದ ಕ್ಷಣ ಕೂತವರ ಸಮೇತ ಹಾರುತ್ತದೆ. ಸೀಟಿನ ಬುಡ ಚಾಸಿಗೆ ಹೇಗೆ ಬಿಗಿಯಬೇಕು ಎಂಬ ನಿಯಮದ ಹಿಂದೆ ಇಂಥ ಸಾವುಗಳಿವೆ.

*

ಇನ್ನು ನಕ್ಷೆ ಬಿಡಿಸುವ ಕೆಲಸ. ಹಿಂದೆ ಹಾಸಿಗೆ, ಬದಿಗೆ ಅಡುಗೆ ಕಟ್ಟೆ, ಬಾಗಿಲ ಬಳಿ ಫ್ರಿಜ್ಜು, ಮುಂದೆ ಎರಡು ಸೀಟು, ಕಾಲಡಿಗೆ ನೀರು. ಅಳತೆ ಪಟ್ಟಿ ಹಿಡಿದು ಇಂಚಿಂಚಿಗೂ ಜಗಳವಾಡಿ ಮುಗಿಸಿದ ನಕ್ಷೆಯಲ್ಲಿ ಸಾಮಾನ್ಯವಾಗಿ ಒಬ್ಬರು ಬಿಟ್ಟುಹೋಗಿರುತ್ತಾರೆ.

ಅಮೆರಿಕ, ಯುರೋಪಿನ ಕ್ಯಾಂಪರಿನ ನಕ್ಷೆ ಮನೆಯವರೇ ಗಾಡಿ ಓಡಿಸುತ್ತಾರೆ ಎಂದು ಹಿಡಿದು ಬಿಡಿಸಿದ್ದು. ಹಗಲು ಸ್ಟೀರಿಂಗ್ ಹಿಡಿದವರು ರಾತ್ರಿ ಹಿಂದಿನ ಹಾಸಿಗೆಗೆ ಹೋಗುತ್ತಾರೆ. ಭಾರತದಲ್ಲಿ ಈ ಗಾತ್ರದ ಗಾಡಿ ಓಡಿಸುವುದು ಹೆಚ್ಚಾಗಿ ಸಂಬಳದ ಡ್ರೈವರ್. ಬಾಡಿಗೆಯ ಕ್ಯಾರವಾನಿನ ಜೊತೆಗಂತೂ ಡ್ರೈವರ್ ಬಂದೇ ಬರುತ್ತಾರೆ. ಕೇರಳ ಸರ್ಕಾರ 2021ರಲ್ಲಿ ‘ಕೇರವಾನ್ ಕೇರಳ’ ಎಂದು ನೀತಿ ಪ್ರಕಟಿಸಿದ ಮೇಲೆ ಇಂಥ ಗಾಡಿಗಳ ಮಾತು ದಕ್ಷಿಣದಲ್ಲೂ ಜೋರಾಗಿದೆ. ಚಿತ್ರಗಳಲ್ಲಿ ಸೋಫಾ ಕಾಣುತ್ತದೆ, ಟಿವಿ ಕಾಣುತ್ತದೆ, ಹೊರಗೆ ಬೆಂಕಿಯ ಸುತ್ತ ಕೂತ ಕುಟುಂಬ ಕಾಣುತ್ತದೆ. ಡ್ರೈವರ್ ಎಲ್ಲಿ ಮಲಗುತ್ತಾರೆ ಎಂಬುದು ಚಿತ್ರದಲ್ಲಿ ಬರುವುದಿಲ್ಲ.

ಟಿಟಿಯಲ್ಲಿ ತೀರ್ಥಯಾತ್ರೆಗೆ ಹೋದವರೆಲ್ಲ ಈ ಪ್ರಶ್ನೆಯನ್ನು ಒಂದಲ್ಲ ಒಂದು ರಾತ್ರಿ ಕೇಳಿದವರೇ. ಲಾಡ್ಜಿನ ಮುಂದೆ ಲಗೇಜು ಇಳಿಸುವಾಗ ಮನೆಯ ಹಿರಿಯರು, ‘ಅಣ್ಣಾ, ನಿಮಗೆ ಮಲಗೋಕೆ?’ ಎನ್ನುತ್ತಾರೆ. ‘ಗಾಡೀಲೇ ಆಗುತ್ತೆ ಸರ್, ನಮಗೆ ಅಭ್ಯಾಸ’ ಎಂಬ ಉತ್ತರ ಬರುತ್ತದೆ. ಆ ಉತ್ತರ ಕೇಳಿ ಎರಡೂ ಕಡೆಯವರಿಗೆ ಸಮಾಧಾನ. ಬೆಳಿಗ್ಗೆ ಆರಕ್ಕೆ ಘಾಟಿ ಇಳಿಯಬೇಕಾದ ಗಾಡಿಯ ಸ್ಟೀರಿಂಗು ಯಾರ ನಿದ್ದೆಯ ಮೇಲೆ ನಿಂತಿದೆ ಎಂಬ ಯೋಚನೆ ಬಂದರೂ, ಅಷ್ಟರಲ್ಲಿ ರೂಮಿನ ಕೀಲಿ ಕೈಗೆ ಬಂದಿರುತ್ತದೆ.

ಕೋಲ್ಕತ್ತದ ಬಸ್ಸುಗಳಲ್ಲೂ ಇದೇ ಅಭ್ಯಾಸ. ಅಲ್ಲಿಯ ಖಾಸಗಿ ಬಸ್ಸುಗಳ ಡ್ರೈವರ್, ಕಂಡಕ್ಟರುಗಳಿಗೆ ಟಿಕೆಟ್ ಹಣದಲ್ಲಿ ಕಮಿಷನ್. ಹೆಚ್ಚು ಜನ ಹತ್ತಿದರೆ ಹೆಚ್ಚು ಕಾಸು, ಅದಕ್ಕೇ ಒಂದೇ ಮಾರ್ಗದ ಎರಡು ಬಸ್ಸುಗಳ ನಡುವಿನ ಪೈಪೋಟಿ. ಬಂಗಾಳಿಯಲ್ಲಿ ಅದಕ್ಕೆ ‘ರೇಷಾರೇಷಿ’ ಎಂದು ಹೆಸರೇ ಇದೆ. ರಾತ್ರಿ ತಡವಾಗಿ ಕೊನೆಯ ಟ್ರಿಪ್ಪು, ನಸುಕಿನಲ್ಲಿ ಮೊದಲ ಟ್ರಿಪ್ಪು. ಊರು ದೂರ. ನಡುವಿನ ನಾಲ್ಕೈದು ಗಂಟೆಗೆ ಬಸ್ಸೇ ಮನೆ. ಉದ್ದದ ಸೀಟಿನ ಮೇಲೆ ಒಂದು ಗಮ್ಛಾ ಹಾಸಿ, ಸೊಳ್ಳೆಪರದೆಯ ದಾರವನ್ನು ಕಿಟಕಿಯ ಸರಳಿಗೆ ಕಟ್ಟಿದರೆ ಹಾಸಿಗೆ ಸಿದ್ಧ. ಕರ್ನಾಟಕದ ಹಳ್ಳಿಗಳಿಗೆ ‘ನೈಟ್ ಹಾಲ್ಟ್’ ಬಸ್ಸು ಗೊತ್ತು. ರಾತ್ರಿ ಒಂಬತ್ತಕ್ಕೆ ಬಂದು, ದೇವಸ್ಥಾನದ ಅಥವಾ ಶಾಲೆಯ ಮುಂದೆ ನಿಂತು, ಬೆಳಿಗ್ಗೆ ಆರಕ್ಕೆ ಹಾಲಿನವರನ್ನೂ ಕಾಲೇಜಿನವರನ್ನೂ ಹತ್ತಿಸಿಕೊಂಡು ಹೊರಡುವ ಬಸ್ಸು. ಡ್ರೈವರ್, ಕಂಡಕ್ಟರುಗಳ ಜಮಖಾನ ಸೀಟುಗಳ ಮೇಲೆ ಹರಡಿರುತ್ತದೆ. ಊರಿನ ಯಾರದೋ ಮನೆಯಿಂದ ಸಾರು ಬರುತ್ತದೆ, ಬಾರದ ದಿನವೂ ಇರುತ್ತದೆ.

ಹಾಗಾದರೆ ಪ್ಯಾಸೆಂಜರ್ ವಾಹನ ಮನೆಯಾಗುವುದು ಹೊಸ ಸಂಗತಿಯಲ್ಲ, ಅದು ಪ್ರತಿ ರಾತ್ರಿ ಆಗುತ್ತಲೇ ಇದೆ. ಸೀಟು ಕೀಳದೆಯೇ, ಯಾರ ಅನುಮತಿಯೂ ಇಲ್ಲದೆಯೇ. ಆಲ್ಬರ್ಟಿನ ಬಂಕಿನಲ್ಲಿ ಮಲಗಿದವರು 145 ಪೌಂಡು ಕೊಟ್ಟು, ಬೇಕೆಂದೇ ಬಸ್ಸಿನಲ್ಲಿ ಮಲಗಿದರು. ಅದೇ ಬಸ್ಸು ಕಲ್ಕತ್ತೆಯಲ್ಲಿ ತಂಗಿದ ರಾತ್ರಿಗಳಲ್ಲಿ, ಅಲ್ಲಿಂದ ಕೂಗಳತೆಯಲ್ಲಿ ಬೇರೆ ಬಸ್ಸುಗಳೊಳಗೆ, ಬೇರೆ ದಾರಿಯಿಲ್ಲದೆ ಮಲಗಿದವರು ಇದ್ದಿರಲೇಬೇಕು. ಸಾಹಸ ಎಂಬ ಮಾತು ಮೊದಲಿನವರಿಗೆ ಮಾತ್ರ ಸಲ್ಲುತ್ತದೆ.

ಇದನ್ನು ಹೇಳಿ ಕ್ಯಾಂಪರಿನ ಕನಸು ಕಾಣುವವರ ಮುಖ ಬಾಡಿಸಬೇಕಾಗಿಲ್ಲ. ಕೆಲಸ ಬಹಳ ಸುಲಭದ್ದು. ಡ್ರೈವರಿಗೆ ಬೇಕಾದದ್ದು ಕಾಲು ಚಾಚುವಷ್ಟು ಉದ್ದ, ಎರಡಡಿ ಅಗಲ, ಒಂದು ಚಿಕ್ಕ ಫ್ಯಾನು, ಸೊಳ್ಳೆ ಬಾರದ ಒಂದು ಕಿಟಕಿ, ನಡುವೆ ಎಳೆದುಕೊಳ್ಳಲು ಒಂದು ಪರದೆ. ಮುಂದಿನ ಸಾಲಿನ ಹಿಂದೆ ಅಡ್ಡಲಾಗಿ ಬೀಳುವ ಮಡಚು ಹಲಗೆ ಹಾಕಿದರೆ ಹಗಲು ಅದು ಯಾರಿಗೂ ಅಡ್ಡ ಬರುವುದಿಲ್ಲ. ಆ ಗಾತ್ರದ ಗಾಡಿಯಲ್ಲಿ ಅಡ್ಡ ಅಳತೆ ಆರಡಿಯೊಳಗೇ ಇರುವುದರಿಂದ ಎತ್ತರದವರಿಗೆ ಮಂಡಿ ಮಡಚಬೇಕಾಗಬಹುದು, ಆಗ ಹಲಗೆಯನ್ನು ಉದ್ದುದ್ದ ತಿರುಗಿಸಿ ಅಡುಗೆ ಕಟ್ಟೆಯನ್ನು ಒಂದಡಿ ಕಡಿಮೆ ಮಾಡಬೇಕು. ಫ್ಯಾನಿನ ಲೆಕ್ಕಕ್ಕೆ ಬ್ಯಾಟರಿಯಲ್ಲಿ ಇನ್ನೊಂದು 200 ವ್ಯಾಟ್-ಅವರ್. ನೀರಿಗೆ ಇನ್ನು 20 ಕೆಜಿ. ಅಷ್ಟೇ. 2025ರ ಅಕ್ಟೋಬರಿನಿಂದ ತಯಾರಾಗುವ ಮಧ್ಯಮ ಮತ್ತು ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಎಂದು ಕೇಂದ್ರ ಸರ್ಕಾರ ನಿಯಮ ಮಾಡಬೇಕಾಯಿತು. ಸ್ವಂತ ಕ್ಯಾಂಪರಿನ ನಕ್ಷೆ ಬಿಡಿಸುವವರು ನಿಯಮಕ್ಕಾಗಿ ಕಾಯಬೇಕಿಲ್ಲ, ಪೆನ್ಸಿಲ್ಲು ಅವರ ಕೈಯಲ್ಲೇ ಇದೆ.

ಆಲ್ಬರ್ಟ್ ಸಾಗಿದ ದಾರಿ ಈಗಿಲ್ಲ. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ನಡೆಯಿತು, ಅದೇ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಲಂಡನ್ನಿನಿಂದ ಕಲ್ಕತ್ತೆಗೆ ರಸ್ತೆಯಲ್ಲಿ ಬರುವ ಕಾಲ ಮುಗಿಯಿತು. ಈಗ ಕೋಲ್ಕತ್ತದಿಂದ ಹೊರಟ ಕ್ಯಾಂಪರ್ ಗೋದ್ಖಾಲಿಯಲ್ಲಿ ರಸ್ತೆ ಮುಗಿದು ಸುಂದರಬನದ ದೋಣಿ ಶುರುವಾಗುವಲ್ಲಿಗೋ, ತೀಸ್ತಾ ದಂಡೆಗೋ ಹೋಗಿ ಬಿಡಾರ ಹೂಡಬಹುದು. ಚಕ್ಕಡಿಯ ಕಾಲದಂತೆ ಒಂದೇ ಗಂಟಿನಲ್ಲಿ ಎಲ್ಲರ ಕೌದಿಯೂ ಇದ್ದರೆ, ಕತ್ತಲಾದ ಮೇಲೆ ಹಾಸಿಗೆ ಬಿಚ್ಚುವಾಗ ಆ ಹಳೆಯ ಪ್ರಶ್ನೆಯನ್ನು ಯಾರೂ ಕೇಳಬೇಕಾಗುವುದಿಲ್ಲ.